ಯಾವುದು ಸವೆಯಬೇಕು?

ಮೋಟರು ಅಂದರೆ ನಮ್ಮೂರ ಕಡೆ ಬೋರ್‌ವೆಲ್ಲಿಗೆ ಇಳಿಬಿಡುವ, ಸುಟ್ಟುಹೋದರೆ ನಾಲ್ಕು ಜನ ಸೇರಿ ಮೇಲೆತ್ತಿ ಟೌನಿನ ವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುವ ಸಾಮಾನು. ನಾನು ಇಲ್ಲಿ ಬರೆಯಹೊರಟಿರುವ ಮೋಟರು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕಾಣುವುದೇ ಇಲ್ಲ. ಆಟದ ರೈಲಿನ ಇಂಜಿನ್ನಿನದು. ಎರಡರ ಕಾಯಿಲೆಗಳು ಬೇರೆ ಬೇರೆ. ಆದರೆ ರಿಪೇರಿಗೆ ಕೂತವನ ಮುಂದೆ ಬರುವ ಪ್ರಶ್ನೆ ಮಾತ್ರ ಒಂದೇ. ಸರಿಯಾದ ಪಾರ್ಟು ಇಲ್ಲದಾಗ ಕೈಗೆ ಸಿಕ್ಕಿದ್ದನ್ನು ಹಾಕಿ ಓಡಿಸಬಹುದಾ? ಓಡಿಸಿದರೆ, ಅದು ಸರಿಯಾಯ್ತು ಅಂತ ಹೇಳೋದು ಯಾವ ಆಧಾರದ ಮೇಲೆ?

"ಓಡ್ತಲ್ಲ, ಇನ್ನೇನು ಬೇಕು" ಅನ್ನುವುದು ಒಂದು ಉತ್ತರ. "ಒರಿಜಿನಲ್ ಹಾಕದಿದ್ದರೆ ಅದು ರಿಪೇರಿಯೇ ಅಲ್ಲ" ಅನ್ನುವುದು ಇನ್ನೊಂದು. ನನಗೆ ಎರಡೂ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುವ ಮೊದಲು ಈ ಇಂಜಿನ್ನಿನ ಜಾತಕ ಸ್ವಲ್ಪ ಹೇಳಬೇಕು.

ಟ್ರಯಾಂಗ್ ಅಂತ ಒಂದು ಇಂಗ್ಲಿಷ್ ಬ್ರ್ಯಾಂಡು ಇತ್ತು. ಲೈನ್ಸ್ ಎಂಬ ಮನೆತನದ ಮೂವರು ಅಣ್ಣತಮ್ಮಂದಿರ ಕಂಪನಿ. ಮೂರು 'ಲೈನು' ಸೇರಿದರೆ ತ್ರಿಕೋನ, ಅದಕ್ಕೇ ಆ ಹೆಸರು. 1950ರ ದಶಕದಲ್ಲಿ ಇವರು ಅಲ್ಲಿನ ಸಾಮಾನ್ಯ ಮನೆಗಳಿಗೂ ಕೈಗೆಟುಕುವ ಬೆಲೆಗೆ ಪುಟ್ಟ ರೈಲುಗಳನ್ನು ಮಾಡಿ ಮಾರಿದರು. ಹಳಿಗಳ ನಡುವೆ ಹದಿನಾರೂವರೆ ಮಿಲಿಮೀಟರು, ಓಡುವುದು 12 ವೋಲ್ಟ್ ಡಿಸಿಯಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿರುವ ಹಿರಿಯರೊಬ್ಬರ ಬಳಿ ಅದರದ್ದೊಂದು ಇಂಜಿನ್ ಇದೆ. ಕಪ್ಪು ಬಣ್ಣದ, ಆರು ಚಕ್ರದ, ಇಂಗ್ಲೆಂಡಿನಲ್ಲಿ 'ಜಿಂಟಿ' ಅಂತ ಅಡ್ಡಹೆಸರಿದ್ದ ಶಂಟಿಂಗ್ ಇಂಜಿನ್ನಿನ ಮಾದರಿ. ಅವರ ಸೋದರಮಾವ ಅರವತ್ತರ ದಶಕದಲ್ಲಿ ಅಲ್ಲಿಂದ ಬರುವಾಗ ತಂದದ್ದು. ಹಿರಿಯರು ಸ್ವತಃ ರೈಲ್ವೆ ವರ್ಕ್‌ಶಾಪಿನಲ್ಲಿ ಉಗಿ ಇಂಜಿನ್ನಿನ ಕೊನೆಯ ವರ್ಷಗಳನ್ನು ಕಂಡವರು. ಇಂಜಿನ್ನನ್ನು ಒಬ್ಬ ಹವ್ಯಾಸಿ ಸಂಗ್ರಾಹಕರು ಕೊಳ್ಳುತ್ತೇನೆ ಅಂದಿದ್ದರು. ಓಡಿದರೆ ಒಂದು ಬೆಲೆ, ಓಡದಿದ್ದರೆ ಇನ್ನೊಂದು. ಕಂಪ್ಯೂಟರಿನವನು ಅಂದರೆ ಎಲ್ಲ ಯಂತ್ರವೂ ಬರುತ್ತೆ ಅನ್ನುವ ನಂಬಿಕೆ ನಮ್ಮ ಕಡೆ ಇದೆಯಲ್ಲ, ಹಾಗಾಗಿ ಅದು ನನ್ನ ಮೇಜಿಗೆ ಬಂತು.

ಒಳಗಿರುವ ಮೋಟರಿನ ಹೆಸರು ಎಕ್ಸ್-ಸೊನ್ನೆ-ನಾಲ್ಕು. ಕಂಪನಿ ಎರಡು ದಶಕಕ್ಕೂ ಹೆಚ್ಚು ಕಾಲ ಹತ್ತಾರು ಬಗೆಯ ಇಂಜಿನ್ನುಗಳಿಗೆ ಇದನ್ನೇ ಹಾಕಿತು. ಇದಕ್ಕೆ ಮುಚ್ಚಳವಿಲ್ಲ, ಎಲ್ಲ ಬಯಲು. ಒಂದು ಕಡೆ ಚೌಕದ ಆಯಸ್ಕಾಂತ, ಅದನ್ನು ಎರಡು ಕಬ್ಬಿಣದ ತಟ್ಟೆಗಳ ನಡುವೆ ಒಂದೇ ಸ್ಕ್ರೂ ಬಿಗಿದು ಹಿಡಿದಿರುತ್ತೆ. ನಡುವೆ ಮೂರು ಹಲ್ಲಿನ ಆರ್ಮೇಚರು. ಅದರ ಕೊರಳಿಗೆ ಮೂರು ತಾಮ್ರದ ಹೋಳುಗಳ ಕಮ್ಯುಟೇಟರು. ಅದನ್ನು ಎರಡೂ ಕಡೆಯಿಂದ ಒತ್ತಿಕೊಂಡಿರುವ ಎರಡು ಸಣ್ಣ ಕಾರ್ಬನ್ ಬ್ರಷ್. ಬ್ರಷ್ಷನ್ನು ಒತ್ತುವುದು ಕೂದಲಿನ ಪಿನ್ನಿನ ಥರ ಬಗ್ಗಿಸಿದ ಒಂದು ತಂತಿ. ಆ ತಂತಿಯ ಒಂದು ಕಾಲಿಗೆ ಮಾತ್ರ ಒಂದು ಚೂರು ಕೊಳವೆ ತೊಡಿಸಿರುತ್ತಾರೆ, ಇಲ್ಲದಿದ್ದರೆ ಎರಡು ಬ್ರಷ್ಷೂ ತಂತಿಯ ಮೂಲಕವೇ ಸೇರಿ ಶಾರ್ಟ್ ಆಗುತ್ತೆ. ಅಷ್ಟೇ. ಬಿಚ್ಚಿ ಜೋಡಿಸಲಿ ಅಂತಲೇ ಮಾಡಿದ ಮೋಟರು. ಈಗಿನ ಮೊಬೈಲುಗಳನ್ನು ಗಮ್ಮು ಹಾಕಿ ಮುಚ್ಚುವವರು ಇದನ್ನೊಮ್ಮೆ ನೋಡಬೇಕು.

ಬಿಚ್ಚಿದಾಗ ಗೊತ್ತಾದದ್ದು: ನನಗಿಂತ ಮೊದಲೇ ಒಬ್ಬರು ಇಲ್ಲಿಗೆ ಬಂದು ಹೋಗಿದ್ದಾರೆ. ಒಂದು ಬ್ರಷ್ ಕಂಪನಿಯದ್ದು, ಸವೆದು ಮುಗಿಯುವ ಹಂತದಲ್ಲಿತ್ತು. ಇನ್ನೊಂದು ಕರ್ರಗೆ, ಒರಟಾಗಿ, ಕೈಯಲ್ಲಿ ಉಜ್ಜಿ ಮಾಡಿದ್ದು. ನನ್ನ ವಯಸ್ಸಿನ ಹಳ್ಳಿ ಹುಡುಗರು ಅದನ್ನು ನೋಡಿದ ತಕ್ಷಣ ಗುರುತು ಹಿಡಿಯುತ್ತಾರೆ. ಟಾರ್ಚಿನ ಸೆಲ್ಲು ಒಡೆದರೆ ನಡುವೆ ಸಿಗುತ್ತಿತ್ತಲ್ಲ ಕಡ್ಡಿ, ನಾವು ಗೋಡೆ ಮೇಲೆ, ಹಲಗೆ ಮೇಲೆ ಗೀಚುತ್ತಿದ್ದದ್ದು, ಅದರ ತುಂಡು. ಅದನ್ನು ಬಿಗಿಯಾಗಿ ಒತ್ತಲಿ ಅಂತ ತಂತಿಯನ್ನೂ ಹೆಚ್ಚಿಗೆ ಬಗ್ಗಿಸಿದ್ದರು. ಹಿರಿಯರಿಗೆ ತೋರಿಸಿದೆ. ಸ್ವಲ್ಪ ಹೊತ್ತು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು "ಇದು ಮಾವನೇ ಮಾಡಿರ್ತಾರಪ್ಪ. ಅವರ ಕೈಯಲ್ಲಿ ಕೆಟ್ಟದ್ದು ಅಂತ ಒಂದೂ ಉಳೀತಿರಲಿಲ್ಲ" ಅಂದರು.

ಮಾವನ ಕೈಕೆಲಸ ಓಡಿಸಿದ್ದು ನಿಜ. ಎಷ್ಟೋ ದಿನ ಓಡಿರಬೇಕು, ಯಾಕಂದರೆ ಅದರ ಗುರುತು ಕಮ್ಯುಟೇಟರಿನ ಮೇಲೆ ಸ್ಪಷ್ಟವಾಗಿತ್ತು. ತಾಮ್ರದ ಸುತ್ತ ಒಂದು ಗೆರೆ, ಉಗುರಿಗೆ ಸಿಗುವಷ್ಟು ಆಳ. ಬ್ರಷ್ ಸವೆಯಬೇಕಾದ ಕಡೆ ತಾಮ್ರ ಸವೆದಿತ್ತು. ಮೂರು ಹೋಳುಗಳ ನಡುವಿನ ಸಂದಿಯಲ್ಲಿ ಕರಿಪುಡಿ ತುಂಬಿ ಒಂದಕ್ಕೊಂದು ಶಾರ್ಟ್ ಆಗಿತ್ತು. ಒಂದು ಸಂಜೆಯಿಡೀ ನಾನು ವೈಂಡಿಂಗೇ ಹೋಗಿದೆ ಅಂತ ಅನುಮಾನದಲ್ಲಿದ್ದೆ. ಹಲ್ಲುಕಡ್ಡಿಯಿಂದ ಸಂದಿ ಕೆದಕಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮೀಟರ್ ಹಿಡಿದಾಗ ಮೂರೂ ಜೋಡಿ ಹೋಳುಗಳಲ್ಲಿ ಒಂದೇ ರೀಡಿಂಗು ಬಂತು. ವೈಂಡಿಂಗ್ ಗಟ್ಟಿಮುಟ್ಟಾಗಿತ್ತು.

ಇಂಥ ವಿಷಯ ಮಾತಾಡುವಾಗ ಓದಿದವರು ತಕ್ಷಣ ಥೀಸಿಯಸನ ಹಡಗಿಗೆ ಹೋಗುತ್ತಾರೆ. ಗ್ರೀಕರ ವೀರ ಥೀಸಿಯಸನ ಹಡಗನ್ನು ಅಥೆನ್ಸಿನವರು ಕಾಪಾಡಿಟ್ಟಿದ್ದರು. ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಾ ಹೋದರೆ ಅದು ಅದೇ ಹಡಗಾ ಅಂತ ತತ್ವಜ್ಞಾನಿಗಳು ಜಗಳವಾಡುತ್ತಿದ್ದರು ಅಂತ ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ಆಮೇಲೆ ಹದಿನೇಳನೇ ಶತಮಾನದಲ್ಲಿ ಹಾಬ್ಸ್ ಬಂದು, ತೆಗೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಮತ್ತೆ ಜೋಡಿಸಿದರೆ ಅಸಲಿ ಯಾವುದು ಅಂತ ಕೇಳಿ ಗಂಟನ್ನು ಇನ್ನೂ ಬಿಗಿದ. ನಮ್ಮ ಕಡೆ ಇದಕ್ಕೆ ಗ್ರೀಸಿಗೆ ಹೋಗಬೇಕಿಲ್ಲ. ಬೌದ್ಧರ ಮಿಲಿಂದ ಪ್ರಶ್ನೆಯಲ್ಲಿ ನಾಗಸೇನ ಭಿಕ್ಷು ರಾಜನನ್ನು ಕೇಳುತ್ತಾನೆ: ನೀನು ಬಂದ ರಥ ಯಾವುದು, ಗಾಲಿಯಾ, ಅಚ್ಚಾ, ನೊಗವಾ? ಅಜ್ಜನ ನೇಗಿಲು ಅಂತ ಮನೆಯಲ್ಲಿ ಇಟ್ಟುಕೊಂಡವರಿಗೂ ಗೊತ್ತು, ಈಸು ಎರಡು ಸಲ ಬದಲಾಗಿದೆ, ಮೇಣಿ ಅಪ್ಪನ ಕಾಲದ್ದು, ಕುಳವಂತೂ ಲೆಕ್ಕಕ್ಕೇ ಇಲ್ಲ. ಆದರೂ ಅಜ್ಜನ ನೇಗಿಲೇ.

ಈ ಕತೆಗಳ ಬಗ್ಗೆ ನನಗೊಂದು ತಕರಾರಿದೆ. ಹಡಗಿನ ಕತೆಯಲ್ಲಿ ಹಲಗೆಗಳಿವೆ, ತತ್ವಜ್ಞಾನಿಗಳಿದ್ದಾರೆ, ಬಡಗಿ ಇಲ್ಲ. ಹಲಗೆಗಳು ತಾವೇ ಬದಲಾದಂತೆ ಕತೆ ಸಾಗುತ್ತೆ. ಬಡಗಿಯನ್ನು ಕೇಳಿದ್ದರೆ ಅವನು "ಅದೇ ಹಡಗಾ" ಅನ್ನುವ ಪ್ರಶ್ನೆಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಅನ್ನಿಸುತ್ತೆ. ಯಾವ ಮರ ಹಾಕಿದೆ, ಅದು ನೀರು ಕುಡಿದು ಉಬ್ಬಿದರೆ ಪಕ್ಕದ ಹಳೇ ಹಲಗೆಯನ್ನು ಸೀಳುತ್ತಾ, ಮುಂದಿನ ಸಲ ತೆಗೆಯುವವನಿಗೆ ಮೊಳೆ ಕೈಗೆ ಸಿಗುತ್ತಾ, ಇವು ಅವನ ಪ್ರಶ್ನೆಗಳಾಗಿರುತ್ತಿದ್ದವು. ಇವು ಕುಶಲತೆಯ ಪ್ರಶ್ನೆಗಳ ಹಾಗೆ ಕಾಣುತ್ತವೆ. ನನ್ನ ಲೆಕ್ಕದಲ್ಲಿ ನೀತಿಯ ಪ್ರಶ್ನೆಗಳೂ ಇವೇ.

ಊರಿನ ಒಂದು ಉದಾಹರಣೆ ಕೊಡುತ್ತೇನೆ. ಪಂಪ್‌ಸೆಟ್ಟಿನ ಫೀಜು ಪದೇ ಪದೇ ಹೋಗುತ್ತಿದ್ದರೆ ಕೆಲವರು ಏನು ಮಾಡುತ್ತಾರೆ ಗೊತ್ತಲ್ಲ. ಫ್ಯೂಸ್ ತಂತಿಯ ಜಾಗಕ್ಕೆ ವೈರಿನ ನಾಲ್ಕೈದು ತಾಮ್ರದ ಎಳೆ ಹೊಸೆದು ಸುತ್ತಿಬಿಡುತ್ತಾರೆ. ಆಮೇಲೆ ಫೀಜು ಹೋಗುವುದಿಲ್ಲ. ನೀರು ಬರುತ್ತೆ, ಗದ್ದೆ ನೆನೆಯುತ್ತೆ, ರಿಪೇರಿ ಗೆದ್ದಂತೆ ಕಾಣುತ್ತೆ. ಒಂದು ರಾತ್ರಿ ಮೂರು ಫೇಸಿನಲ್ಲಿ ಒಂದು ಹೋಗುತ್ತೆ, ಮೋಟರು ಉಳಿದೆರಡರಲ್ಲಿ ಮುಲುಗುತ್ತಾ ಕರೆಂಟು ಎಳೆದುಕೊಳ್ಳುತ್ತೆ, ಕರಗಬೇಕಾದ ತಂತಿ ಕರಗುವುದಿಲ್ಲ, ವೈಂಡಿಂಗ್ ಕರಗುತ್ತೆ. ಹತ್ತು ರೂಪಾಯಿಯೂ ಬೆಲೆಯಿಲ್ಲದ ಒಂದು ತಂತಿ ಸಾಯಬೇಕಾದ ಜಾಗದಲ್ಲಿ ಸಾವಿರಾರು ರೂಪಾಯಿಯ ಮೋಟರು ಸತ್ತಿತು. ಅದಕ್ಕಿಂತ ಕೆಟ್ಟದ್ದೆಂದರೆ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಲು ಹೋದ ಮನುಷ್ಯ.

ಆ ತಾಮ್ರದ ಎಳೆಯ ದೋಷ ಅದು ಒರಿಜಿನಲ್ ಅಲ್ಲ ಅನ್ನುವುದಲ್ಲ. ಸರಿಯಾದ ದಪ್ಪದ ಫ್ಯೂಸ್ ತಂತಿ ಯಾವ ಅಂಗಡಿಯದಾದರೂ ನಡೆಯುತ್ತಿತ್ತು. ಏಟು ಯಾರು ತಿನ್ನಬೇಕು ಅನ್ನುವುದನ್ನು ಅದು ಸದ್ದಿಲ್ಲದೆ ಬದಲಾಯಿಸಿಬಿಟ್ಟಿತು, ಅದು ದೋಷ. ಯಂತ್ರ ಮಾಡಿದವನು ಒಂದು ಕಡೆ ಬಡಪಾಯಿ ಪಾರ್ಟನ್ನು ಬೇಕಂತಲೇ ಇಟ್ಟಿರುತ್ತಾನೆ, ಸವೆಯಲಿ ಅಂತ, ಕರಗಲಿ ಅಂತ. ಫ್ಯೂಸು, ಬ್ರಷ್ಷು, ನೇಗಿಲಿನ ಕುಳ. ಕುಳ ಸವೆದರೆ ಕುಲುಮೆಯಲ್ಲಿ ತಟ್ಟಿಸಿಕೊಂಡು ಬರಬಹುದು. ಹಳೇ ಕಟ್ಟಡ ರಿಪೇರಿ ಮಾಡುವವರಿಗೂ ಈ ಮಾತು ಗೊತ್ತು: ಮೆತ್ತಗಿನ ಹಳೇ ಇಟ್ಟಿಗೆಯ ನಡುವೆ ಸುಣ್ಣದ ಗಾರೆ ಇದ್ದ ಕಡೆ ಸಿಮೆಂಟು ತುಂಬಿದರೆ, ನೀರು ಹೊರಹೋಗಲು ಜಾಗವಿಲ್ಲದೆ ಗಾರೆಯ ಬದಲು ಇಟ್ಟಿಗೆಯೇ ಉದುರುತ್ತೆ. ಗಟ್ಟಿ ಮಾಡಿದ್ದೇ ಹಾಳು ಮಾಡಿತು.

ಮಾವನ ಸೆಲ್ಲಿನ ಕಡ್ಡಿಯೂ ಇದೇ ಜಾತಿಯದು. ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಇಂಗ್ಲೆಂಡಿನಿಂದ ಒಂದು ಬ್ರಷ್ ತರಿಸುವುದು ಅಂದಿನ ಕಾಲಕ್ಕೆ ಏನು ಪಾಡು ಅಂತ ಯಾರಿಗಾದರೂ ಊಹೆಗೆ ಸಿಗುತ್ತೆ. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದರು, ಸೆಲ್ಲು ಕೈಯಲ್ಲಿತ್ತು. "ಸದ್ಯಕ್ಕೆ ನಡೆಯುತ್ತೆ" ಅಂತ ಹಾಕಿರುತ್ತಾರೆ. 'ಸದ್ಯಕ್ಕೆ' ಅನ್ನುವುದು ಒಳ್ಳೇ ಪದ, ಅದರಲ್ಲಿ ಒಂದು ವಾಗ್ದಾನವಿದೆ. ತೊಂದರೆ ಏನಪ್ಪಾ ಅಂದರೆ ಆ ವಾಗ್ದಾನ ಹೇಳಿದವರ ಬಾಯಲ್ಲಿ ಮಾತ್ರ ಇರುತ್ತೆ, ಪಾರ್ಟಿನ ಮೇಲೆ ಬರೆದಿರುವುದಿಲ್ಲ. ನಮ್ಮ ಕೋಡಿನಲ್ಲೂ ಇಂಥವು ಬೇಕಾದಷ್ಟಿವೆ. ಎರರ್ ಬಂದರೆ ಹಿಡಿದು ನುಂಗಿ ಸುಮ್ಮನಾಗು ಅಂತ ಯಾರೋ ಎರಡು ಸಾಲು ಬರೆದಿರುತ್ತಾರೆ, ಮಾರನೇ ದಿನದ ಡೆಮೋಗೆ. ಅದು ತಾಮ್ರದ ಎಳೆ. ಆರು ವರ್ಷ ಆದಮೇಲೆ ಅದೆಲ್ಲಿಯೋ ಲೆಕ್ಕ ತಪ್ಪಿದಾಗ ಹುಡುಕುವವನು ಬೇರೆ.

ಹಾಗಾದರೆ ನಾನೇನು ಹಾಕಿದೆ? ನ್ಯಾಯವಾಗಿ ನೋಡಿದರೆ ಈ ಮೋಟರಿಗೆ ಬ್ರಷ್ ಇವತ್ತಿಗೂ ಬ್ರಿಟನ್ನಿನಲ್ಲಿ ಸಿಗುತ್ತವೆ. ಆದರೆ ಅವೂ ಟ್ರಯಾಂಗಿನವಲ್ಲ. ಲೈನ್ಸ್ ಬ್ರದರ್ಸ್ 1971ರಲ್ಲೇ ಮುಳುಗಿತು. ಈಗ ಸಿಗುವುದು ಬಹುಪಾಲು ಬೇರೆಯವರು ಅಳತೆ ನೋಡಿ ಮಾಡಿದ್ದು. 'ಒರಿಜಿನಲ್' ಅನ್ನುವ ಪದಕ್ಕೆ ಅಷ್ಟು ಭಕ್ತಿ ತೋರಿಸುವವರು ಇದನ್ನೂ ನೆನಪಿಡಬೇಕು. ಅಂಚೆ ಖರ್ಚು ಪಾರ್ಟಿಗಿಂತ ಹೆಚ್ಚು, ಬರಲು ವಾರಗಳು, ಕೊಳ್ಳುವವರು ಬರುವುದು ಮುಂದಿನ ಭಾನುವಾರ.

ಮನೆಯಲ್ಲಿ ಮಿಕ್ಸಿ ಕಾರ್ಬನ್ನು ಇತ್ತು. ಅದನ್ನು ಹಾಕಲಿಲ್ಲ. ಮಿಕ್ಸಿ 230 ವೋಲ್ಟಿನದು, ಅದರ ಬ್ರಷ್ಷಿನಲ್ಲಿ ತಾಮ್ರವಿಲ್ಲ, ತಡೆ ಜಾಸ್ತಿ. ಅಷ್ಟು ವೋಲ್ಟೇಜಿನಲ್ಲಿ ಆ ತಡೆ ಲೆಕ್ಕಕ್ಕೆ ಬರುವುದಿಲ್ಲ. 12 ವೋಲ್ಟಿನ ಪುಟ್ಟ ಮೋಟರಿನಲ್ಲಿ ಒಂದೊಂದು ವೋಲ್ಟೂ ಎಣಿಕೆಗೆ ಬರುತ್ತೆ. ಅದಕ್ಕೇ ಕಡಿಮೆ ವೋಲ್ಟಿನ ಮೋಟರುಗಳಿಗೆ ತಾಮ್ರದ ಪುಡಿ ಬೆರೆಸಿದ ಬ್ರಷ್ ಇರುತ್ತೆ, ಮುರಿದು ನೋಡಿದರೆ ಕೆಂಚಗೆ ಹೊಳೆಯುತ್ತೆ. ನಮ್ಮಲ್ಲಿ 12 ವೋಲ್ಟಿನ ಬ್ರಷ್ ಇರುವ ಮೋಟರು ಯಾವುದು? ಬೈಕಿನ ಸೆಲ್ಫ್ ಮೋಟರು. ಗ್ಯಾರೇಜಿನ ಹುಡುಗನ ಹತ್ತಿರ ಬಿಚ್ಚಿ ಬಿಸಾಡಿದ ಸೆಲ್ಫಿನ ಅರ್ಧ ಸವೆದ ಕಾರ್ಬನ್ನು ಸಿಕ್ಕಿತು. ದುಡ್ಡು ತೊಗೊಳ್ಳಲಿಲ್ಲ, "ಏನ್ ಅಣ್ಣ, ಇದ್ಯಾವ ಗಾಡಿಗೆ" ಅಂತ ಕೇಳಿ ನಕ್ಕ. ಅದರಲ್ಲಿ ಎರಡು ಚೂರು ಕತ್ತರಿಸಿ, ಡ್ರಿಲ್ಲಿಗೆ ಕಚ್ಚಿಸಿ ತಿರುಗಿಸುತ್ತಾ ಅರದಿಂದ ಉಜ್ಜಿ ಗುಂಡಗೆ ಮಾಡಿ, ಬೆನ್ನಿಗೆ ತಂತಿ ಕೂರುವ ಗೀರು ಕೊರೆದೆ. ಅದು ಅರಕ್ಕೆ ಸುಲಭವಾಗಿ ಉದುರಿದಾಗ ಸಮಾಧಾನವಾಯ್ತು. ಸವೆಯಬೇಕಾದ್ದು ಅದೇ. ಮುಂದೆ ಹತ್ತು ಸಲ ಮಾಡಿಕೊಳ್ಳಬಹುದು. ಕಮ್ಯುಟೇಟರಿನ ತಾಮ್ರವನ್ನು ಮಾಡಿಕೊಳ್ಳಲಿಕ್ಕಾಗದು. ಗೆರೆ ಪೂರ್ತಿ ಹೋಗುವವರೆಗೂ ಉಜ್ಜಬಹುದಿತ್ತು, ನಾನು ಅಂಚು ಮಾತ್ರ ನುಣುಪಾಗುವಷ್ಟು ನಯ ಕಾಗದ ಹಿಡಿದು ನಿಲ್ಲಿಸಿದೆ. ತಂತಿಯ ಕಾಲಿಗೆ ಹಳೇ ಚಾರ್ಜರಿನ ವೈರಿನ ಸಿಪ್ಪೆ ತೊಡಿಸಿದೆ, ಅದಕ್ಕೆ ತತ್ವಶಾಸ್ತ್ರ ಬೇಕಾಗಲಿಲ್ಲ.

ಆಯಸ್ಕಾಂತದ್ದು ಸ್ವಲ್ಪ ಕಷ್ಟದ ವಿಷಯ. ಹಳೇದು ಆಲ್ನಿಕೊ, ಅಂದರೆ ಅಲ್ಯೂಮಿನಿಯಂ, ನಿಕ್ಕಲ್ಲು, ಕೋಬಾಲ್ಟು ಬೆರೆತ ಕಬ್ಬಿಣ. ಕಬ್ಬಿಣದ ಆಸರೆ ತಪ್ಪಿಸಿ ಬಿಚ್ಚಿಟ್ಟರೆ ಶಕ್ತಿ ಕಳೆದುಕೊಳ್ಳುವ ಗುಣ ಅದಕ್ಕಿದೆ. ಹಿಂದೆ ಯಾರೋ ಬಿಚ್ಚಿದ್ದರಿಂದಲೋ ಏನೋ, ಸೋತುಹೋಗಿತ್ತು. ಮೋಟರು ಕರೆಂಟು ಎಳೆದು ಬಿಸಿಯಾಗುತ್ತಿತ್ತೇ ಹೊರತು ದಮ್ಮಿರಲಿಲ್ಲ. ಅದರ ಜಾಗಕ್ಕೆ ಸಣ್ಣ ನಿಯೋಡಿಮಿಯಂ ತುಣುಕುಗಳನ್ನು ಕಬ್ಬಿಣದ ಚೂರಿನ ಜೊತೆ ಸೇರಿಸಿ ಕೂರಿಸಿದೆ. ಕರೆಂಟು ಇಳಿಯಿತು, ಎಳೆಯುವ ಶಕ್ತಿ ಬಂತು, ಓಟ ಮಾತ್ರ ನಿಧಾನವಾಯಿತು. ಆಯಸ್ಕಾಂತ ಬಲವಾದರೆ ಇಂಥ ಮೋಟರಿನ ವೇಗ ಕಡಿಮೆಯಾಗುತ್ತೆ, ಲೆಕ್ಕವೇ ಹಾಗೆ. ಹಿರಿಯರಿಗೆ ಅದೇ ಇಷ್ಟವಾಯ್ತು. ಶಂಟಿಂಗ್ ಇಂಜಿನ್ ಹಾಗೇ ಹೋಗಬೇಕು, ಮೊದಲು ಅದು ಕುದುರೆ ಥರ ಓಡ್ತಿತ್ತು ಅಂದರು.

ಇಲ್ಲೊಂದು ಸಣ್ಣ ವಿವರ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ಆಯಸ್ಕಾಂತವನ್ನು ತಿರುಗಿಸಿ ಕೂರಿಸಿದರೂ ಮೋಟರು ಓಡುತ್ತೆ, ಆದರೆ ಉಲ್ಟಾ ದಿಕ್ಕಿಗೆ. ಹಿರಿಯರ ಮನೆಯಲ್ಲಿರುವುದು ಒಂದೇ ಇಂಜಿನ್, ಒಂದು ಸುತ್ತು ಹಳಿ. ಅವರ ಪಾಲಿಗೆ ಹಿಂದು-ಮುಂದು ಅಂದರೆ ಕಂಟ್ರೋಲರಿನ ಸ್ವಿಚ್ಚು ಯಾವ ಕಡೆಗೆ ಅನ್ನುವುದಷ್ಟೇ. ಆದರೆ ಈ ಹವ್ಯಾಸದವರಲ್ಲಿ ಒಂದು ಒಪ್ಪಂದವಿದೆ: ಬಲಗಡೆಯ ಹಳಿಗೆ ಪ್ಲಸ್ ಕೊಟ್ಟರೆ ಇಂಜಿನ್ ಮುಂದಕ್ಕೆ ಹೋಗಬೇಕು. ಯಾರ ಇಂಜಿನ್ ಆದರೂ, ಯಾರ ಹಳಿಯ ಮೇಲಾದರೂ. ಆ ಒಪ್ಪಂದ ಮಾಡಿಕೊಂಡವರು ಒಬ್ಬರನ್ನೊಬ್ಬರು ನೋಡಿದವರಲ್ಲ. ಈ ಇಂಜಿನ್ ಮುಂದೆ ಯಾವ ಮನೆಯ ಹಳಿ ಏರುತ್ತೋ, ಅಲ್ಲಿ ಇನ್ನೆರಡು ಇಂಜಿನ್ ಇದ್ದು ಇದು ಮಾತ್ರ ಎದುರಿಗೆ ನುಗ್ಗಿದರೆ? ಮತ್ತೆ ಬಿಚ್ಚಿ ಧ್ರುವ ನೋಡಿ ಕೂರಿಸಿದೆ. ಕಣ್ಣೆದುರಿಗಿರುವ ಗಿರಾಕಿಗೆ ಗೊತ್ತೂ ಆಗದ, ಬೇಕೂ ಇಲ್ಲದ ಕೆಲಸ ಅದು. ರಿಪೇರಿ ಮಾಡುವವನಿಗೆ ಇಬ್ಬರು ಗಿರಾಕಿಗಳಿರುತ್ತಾರೆ ಅಂತ ಅನ್ನಿಸಿದ್ದು ಆಗಲೇ. ದುಡ್ಡು ಕೊಡುವವನು ಒಬ್ಬ. ಮುಂದೊಂದು ದಿನ ಅದೇ ಸ್ಕ್ರೂ ಬಿಚ್ಚುವವನು ಇನ್ನೊಬ್ಬ.

ಹಿರಿಯರ ತಮ್ಮನ ಮಗ ಒಂದು ಸಲಹೆ ಕೊಟ್ಟಿದ್ದ. ಹಳೇ ಡಿವಿಡಿ ಡ್ರೈವಿನ ಪುಟ್ಟ ಮೋಟರು ಅಂಟಿಸಿಬಿಡಿ, ಬೆಣ್ಣೆ ಥರ ಓಡುತ್ತೆ ಅಂತ. ಆ ದಾರಿ ಹಿಡಿದವರು ಜಗತ್ತಿನಲ್ಲಿ ತುಂಬಾ ಜನ ಇದ್ದಾರೆ, ಚೆನ್ನಾಗೇ ಓಡಿಸುತ್ತಾರೆ. ನಾನು ಬೇಡ ಅಂದದ್ದು ಅದು ಅಗ್ಗದ ಮೋಟರು ಅಂತಲ್ಲ. ಅದು ಕೂರಬೇಕಾದರೆ ಚಾಸಿಯ ಲೋಹ ಕೊರೆಯಬೇಕಿತ್ತು. ಬ್ರಷ್ ನಾಳೆ ಕಿತ್ತುಹಾಕಬಹುದು, ಆಯಸ್ಕಾಂತ ತೆಗೆದು ಹಳೇದು ಕೂರಿಸಬಹುದು, ಕೊರೆದದ್ದನ್ನು ತುಂಬಲು ಆಗುವುದಿಲ್ಲ. ಸ್ಮಾರಕಗಳ ಜೀರ್ಣೋದ್ಧಾರದ ಬಗ್ಗೆ 1964ರಲ್ಲಿ ವೆನಿಸ್ಸಿನಲ್ಲಿ ಸೇರಿದವರು ಒಂದು ಸನ್ನದು ಮಾಡಿದರು. ಕಳೆದುಹೋದ ಭಾಗಕ್ಕೆ ಹೊಸದು ಹಾಕಿದರೆ ಅದು ಒಟ್ಟಿನ ಜೊತೆ ಹೊಂದಿಕೊಳ್ಳಬೇಕು, ಹಾಗೇ ಹೊಸದು ಅಂತ ಗುರುತೂ ಸಿಗಬೇಕು ಅನ್ನುವುದು ಅದರಲ್ಲಿರುವ ಒಂದು ಮಾತು. ದೇವಸ್ಥಾನದ ಕಲ್ಲಿಗೆ ಹೇಳಿದ್ದು ಆಟದ ಸಾಮಾನಿಗೂ ಹೊಂದುತ್ತೆ ಅನ್ನುವುದು ನನ್ನ ಅಭಿಪ್ರಾಯ. ನಕ್ಕರೂ ಪರವಾಗಿಲ್ಲ.

ಗುರುತು ಅಂದೆನಲ್ಲ, ಜಗಳ ಬಂದದ್ದು ಅದರಿಂದಲೇ. ಮಾವನ ಸೆಲ್ಲಿನ ಕಡ್ಡಿ, ಹಳೇ ಬ್ರಷ್, ಹಳೇ ಆಯಸ್ಕಾಂತ ಮೂರನ್ನೂ ಒಂದು ಸಣ್ಣ ಜಿಪ್ ಕವರಿಗೆ ಹಾಕಿದೆ. ಜೊತೆಗೊಂದು ಚೀಟಿ: ಬ್ರಷ್ ಬೈಕಿನ ಸೆಲ್ಫ್ ಮೋಟರಿನದು, ಕತ್ತರಿಸಿ ಮಾಡಿದ್ದು, ಆಯಸ್ಕಾಂತ ನಿಯೋಡಿಮಿಯಂ, ಹಳೇದು ಇದರಲ್ಲಿದೆ, ಕಮ್ಯುಟೇಟರಿನ ಗೆರೆ ಹಿಂದಿನ ರಿಪೇರಿಯದು. ಹಿರಿಯರು ಓದಿದರು. ಮುಖ ಸಣ್ಣದಾಯಿತು.

"ಇದೆಲ್ಲ ಯಾಕಪ್ಪ? ಅವರು ಕೇಳಿದ್ದು ಓಡುತ್ತಾ ಅಂತ. ಓಡುತ್ತೆ."

"ಒರಿಜಿನಲ್ ಅಂತ ತಿಳ್ಕೊಂಡೇ ತೊಗೋತಾರೆ ಸಾರ್."

"ನಾನು ಒರಿಜಿನಲ್ ಅಂತ ಹೇಳಿಲ್ಲ. ನೋಡು, ನಮ್ಮ ಶಾಪಿಗೆ ಇಂಜಿನ್ ಓವರ್‌ಹಾಲಿಗೆ ಬಂದರೆ ಬಾಯ್ಲರ್ ಇಳಿಸ್ತಿದ್ವಿ. ರೆಡಿ ಇರೋ ಬೇರೆ ಬಾಯ್ಲರ್ ಕೂರಿಸಿ ಕಳಿಸ್ತಿದ್ವಿ. ಹಳೇದು ರಿಪೇರಿಯಾಗಿ ಇನ್ನೊಂದು ಇಂಜಿನ್ನಿಗೆ ಹೋಗ್ತಿತ್ತು. ಇಂಜಿನ್ನಿನ ನಂಬರು ಅದೇ ಇರ್ತಿತ್ತು. ಪ್ಯಾಸೆಂಜರಿಗೆ ಹೇಳ್ತಿದ್ವಾ?"

ಈ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಜಗತ್ತಿನ ಅತಿ ಹೆಸರುವಾಸಿ ಇಂಜಿನ್ನಿನ ಕತೆಯೂ ಅದೇ. 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಕಟ್ಟಿದ್ದು 1923ರಲ್ಲಿ, ಡಾನ್‌ಕಾಸ್ಟರಿನ ಕಾರ್ಖಾನೆಯಲ್ಲಿ. ಕೆಲಸದಲ್ಲಿದ್ದ ಕಾಲದಲ್ಲಿ ಅದಕ್ಕೂ ಬಾಯ್ಲರುಗಳು ಬದಲಾಗುತ್ತಲೇ ಇದ್ದವು. ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ 2004ರಲ್ಲಿ ಅದನ್ನು ಕೊಂಡು, ವರ್ಷಗಟ್ಟಲೆ ರಿಪೇರಿ ಮಾಡಿಸಿ 2016ರಲ್ಲಿ ಮತ್ತೆ ಹಳಿಗೆ ತಂದಾಗ ಖರ್ಚು 42 ಲಕ್ಷ ಪೌಂಡು ತಲುಪಿತ್ತು. 1923ರ ಕಬ್ಬಿಣ ಅದರಲ್ಲಿ ಎಷ್ಟು ಉಳಿದಿದೆ ಅಂತ ಹುಡುಕಿದರೆ ಕೈಗೆ ಸ್ವಲ್ಪವೇ ಸಿಗುತ್ತೆ. ಆದರೂ ಅದನ್ನು ನೋಡಲು ಹಳಿ ಪಕ್ಕ ಜನ ಜಾತ್ರೆಯಂತೆ ಸೇರಿದರು, ಯಾರೂ ಮೋಸ ಹೋಗಿಲ್ಲ. ಇನ್ನೂ ಮುಂದೆ ಹೋದವರೂ ಇದ್ದಾರೆ. ಪೆಪ್ಪರ್‌ಕಾರ್ನ್ ಎಂಬ ಇಂಜಿನಿಯರ್ ರೂಪಿಸಿದ ಎ-ಒನ್ ಜಾತಿಯ 49 ಇಂಜಿನ್ನುಗಳೂ ಗುಜರಿಗೆ ಹೋಗಿ ಒಂದೂ ಉಳಿದಿರಲಿಲ್ಲ. ಹವ್ಯಾಸಿಗಳು ಹಳೇ ನಕ್ಷೆ ಹಿಡಿದು ಹೊಸದಾಗಿ ಒಂದನ್ನು ಕಟ್ಟಿ 2008ರಲ್ಲಿ ಓಡಿಸಿದರು, 'ಟಾರ್ನೇಡೋ' ಅಂತ. ಹಳೆಯವುಗಳ ಕೊನೆಯ ನಂಬರು 60162, ಇದಕ್ಕೆ 60163 ಕೊಟ್ಟರು. ನಕಲು ಅನ್ನಲಿಲ್ಲ, ಐವತ್ತನೆಯದು ಅಂದರು.

ಇವೆಲ್ಲ ಹಿರಿಯರ ಪರವಾಗಿ ಇರುವ ಸಾಕ್ಷಿಗಳೇ. ಆದರೆ ನನಗೆ ಒಂದು ಅನುಮಾನ ಇತ್ತು, ಕೇಳಿದೆ. "ಸಾರ್, ಯಾವ ಬಾಯ್ಲರ್ ಯಾವ ಇಂಜಿನ್ನಿಗೆ ಹೋಯ್ತು ಅಂತ ನಿಮಗೆ ಹೆಂಗೆ ಗೊತ್ತಾಗ್ತಿತ್ತು?"

"ಗೊತ್ತಾಗದೆ ಏನು? ಪ್ರತಿ ಬಾಯ್ಲರಿಗೂ ಅದರದ್ದೇ ನಂಬರ್ ಇರ್ತಿತ್ತು. ಯಾವಾಗ ಟೆಸ್ಟ್ ಆಯ್ತು, ಯಾವ ಟ್ಯೂಬ್ ಹಾಕಿದ್ವಿ, ಎಲ್ಲ ರಿಜಿಸ್ಟರಿನಲ್ಲಿ..." ಅಲ್ಲಿಗೆ ಮಾತು ನಿಂತಿತು. ನಾನು ಚೀಟಿಯ ಕಡೆ ನೋಡಲಿಲ್ಲ, ಅವರೇ ನೋಡಿದರು.

ಪ್ಯಾಸೆಂಜರಿಗೆ ಹೇಳಬೇಕಿಲ್ಲ, ಸರಿ. ಮುಂದಿನ ಸಲ ಆ ಬಾಯ್ಲರಿನ ಮುಂದೆ ಸುತ್ತಿಗೆ ಹಿಡಿದು ನಿಲ್ಲುವವನಿಗೆ ಹೇಳಲೇಬೇಕು. ಪಾರ್ಟು ಬದಲಾದರೂ ಅದು ಅದೇ ಇಂಜಿನ್ ಅಂತ ಹೇಳುವ ಹಕ್ಕು ವರ್ಕ್‌ಶಾಪಿಗೆ ಬಂದದ್ದು ಆ ರಿಜಿಸ್ಟರಿನಿಂದ. ಫ್ಲೈಯಿಂಗ್ ಸ್ಕಾಟ್ಸ್‌ಮನ್ನಿನ ಬಾಯ್ಲರುಗಳ ಸಂಗತಿ ಯಾರೋ ಪತ್ತೇದಾರಿ ಮಾಡಿ ಕಂಡುಹಿಡಿದದ್ದಲ್ಲ, ದಾಖಲೆಯಲ್ಲಿ ಬರೆದಿಟ್ಟದ್ದರಿಂದಲೇ ನನ್ನಂಥವನಿಗೂ ಗೊತ್ತು. ಮಾವನ ಸೆಲ್ಲಿನ ಕಡ್ಡಿಯ ಜೊತೆ ಒಂದು ಸಾಲಿನ ಚೀಟಿ ಇದ್ದಿದ್ದರೆ, ಎಂಬತ್ತರಲ್ಲೋ ತೊಂಬತ್ತರಲ್ಲೋ ಯಾರಾದರೂ ಅದನ್ನು ಬದಲಾಯಿಸಿ ತಾಮ್ರ ಉಳಿಸುತ್ತಿದ್ದರು. ಕೆಟ್ಟ ಪಾರ್ಟು ಹಾಕಿದ್ದಕ್ಕಿಂತ ಅದು ತಾತ್ಕಾಲಿಕ ಅಂತ ಯಾರಿಗೂ ತಿಳಿಯದೆ ಹೋದದ್ದು ಹೆಚ್ಚು ಹಾನಿ ಮಾಡಿತು.

ಆದರೂ ಒಂದು ಮಾತು ಒಪ್ಪಬೇಕು. ಇಂಜಿನ್ ಅವರದು, ಚೀಟಿ ನನ್ನದು. ಅವರ ಸಾಮಾನಿನೊಳಗೆ ನನ್ನ ಆತ್ಮಸಾಕ್ಷಿಯನ್ನು ತುರುಕುವ ಅಧಿಕಾರ ನನಗೆ ಯಾರು ಕೊಟ್ಟರು? ವೈದ್ಯನಾದರೆ ರೋಗಿಯ ಗುಟ್ಟು ಕಾಪಾಡಬೇಕು, ಮೆಕ್ಯಾನಿಕ್ಕು ಮಾಲೀಕನ ಗುಟ್ಟು ಯಾಕೆ ಬಿಡಬೇಕು? ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ನನಗೆ ಹೊಳೆದ ದಾರಿ ಇಷ್ಟು: ಚೀಟಿಯನ್ನು ಇಂಜಿನ್ನಿನೊಳಗೆ ಬಚ್ಚಿಡಲಿಲ್ಲ, ಅವರ ಕೈಗೇ ಕೊಟ್ಟೆ. ಇಡುವುದು, ತೆಗೆಯುವುದು ಅವರಿಗೆ ಬಿಟ್ಟದ್ದು. ಆದರೆ ಕೊಳ್ಳುವವರು ನನ್ನನ್ನೇ ಕೇಳಿದರೆ ಇದ್ದದ್ದು ಹೇಳುತ್ತೇನೆ, ಸುಳ್ಳು ಹೇಳುವುದಿಲ್ಲ ಅಂತಲೂ ತಿಳಿಸಿದೆ. "ಆಯ್ತಪ್ಪ, ದೊಡ್ಡ ಹರಿಶ್ಚಂದ್ರ" ಅಂದರು. ಕವರು ಎತ್ತಿಕೊಂಡು ಹೋದರು.

ಭಾನುವಾರ ಸಂಗ್ರಾಹಕರು ಬಂದಾಗ ನಾನು ಅಲ್ಲಿರಲಿಲ್ಲ. ಸಂಜೆ ಲಿಫ್ಟಿನಲ್ಲಿ ಹಿರಿಯರು ಸಿಕ್ಕರು. ಚೀಟಿ ಕೊಟ್ಟರಂತೆ. ನನ್ನ ಕೈಬರಹ ಅವರಿಗೆ ಅರ್ಥವಾಗಲ್ಲ ಅಂತ ತಾವೇ ಹೊಸದಾಗಿ ಬರೆದು, ತಾರೀಖು ಹಾಕಿ, ಸೆಲ್ಲಿನ ಕಡ್ಡಿಯ ಮುಂದೆ "ನಮ್ಮ ಸೋದರಮಾವನವರು ಹಾಕಿದ್ದು" ಅಂತ ಸೇರಿಸಿದ್ದಾರೆ. ಕೊನೆಗೆ ಕಡ್ಡಿಯನ್ನು ಮಾತ್ರ ಕೊಡಲಿಲ್ಲ, ತಾವೇ ಇಟ್ಟುಕೊಂಡರು. ಬೆಲೆಯಲ್ಲಿ ಆತ ಸ್ವಲ್ಪ ಮುರಿದುಕೊಂಡು ಕೊಟ್ಟಿದ್ದಾರೆ. ಅದು ಚೀಟಿಯಿಂದಲೇ ಅಂತ ಹಿರಿಯರ ವಾದ. ಇಂಜಿನ್ನಿನ ರಟ್ಟಿನ ಡಬ್ಬ ಇಲ್ಲದ್ದಕ್ಕೆ ಅಂತ ನನ್ನ ವಾದ. ಸಂಗ್ರಾಹಕರಿಗೆ ಡಬ್ಬ ಅಂದರೆ ಪ್ರಾಣ. ಇದಿನ್ನೂ ಇತ್ಯರ್ಥವಾಗಿಲ್ಲ. ನನ್ನ ಮೇಜಿನ ಮೇಲೆ ಈಗ ಅವರ ಮನೆಯ ಟೇಬಲ್ ಫ್ಯಾನು ಇದೆ. ಬಿಚ್ಚುವಾಗ ಏನೇನು ಕಂಡಿತು ಅಂತ ಬರೆದುಕೊಡಬೇಕಂತೆ.